ಬಣ್ಣ ದೊಡ್ಡದೋ, ಸಾಲು ದೊಡ್ಡದೋ

ಕಳೆದ ದೀಪಾವಳಿಯ ಪಾಡ್ಯದ ಸಂಜೆ. ಒಲೆಯ ಮೇಲೆ ಕರ್ಚಿಕಾಯಿಗೆ ಎಣ್ಣೆ ಕಾಯುತ್ತಿತ್ತು. ಪಡಸಾಲೆಯಲ್ಲಿ ಮಕ್ಕಳು, ಅಳಿಯ, ಮೊಮ್ಮಕ್ಕಳು ಎಲ್ಲ ಜಮಖಾನೆ ಹಾಸಿಕೊಂಡು ಇಸ್ಪೀಟು ಹಿಡಿದು ಕೂತಿದ್ದರು. ಪಾಡ್ಯದ ದಿನ ಶಿವ ಪಾರ್ವತಿಯರೇ ಪಗಡೆ ಆಡಿದರೆಂಬ ನಂಬಿಕೆ ನಮ್ಮ ಕಡೆ ಇದೆಯಲ್ಲ, ಅದರ ನೆಪ. ಪಣಕ್ಕೆ ದುಡ್ಡಿಲ್ಲ, ಬರೀ ಪುಟಾಣಿ. ಸೋತವರ ಪುಟಾಣಿ ಗೆದ್ದವರ ಬಾಯಿಗೆ.

ಅಷ್ಟರಲ್ಲಿ ಮೊಮ್ಮಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. “ಅಜ್ಜಿ, ನೀವು ಲೆಕ್ಕದ ಟೀಚರ್ ಆಗಿದ್ರಲ್ಲ. ಕಲರ್ ದೊಡ್ಡದೋ, ಸೀಕ್ವೆನ್ಸ್ ದೊಡ್ಡದೋ ಹೇಳಿ. ಮಾಮ ಸೀಕ್ವೆನ್ಸ್ ದೊಡ್ಡದು ಅಂತಾನೆ. ನನ್ನ ಮೊಬೈಲಿನಲ್ಲಿ ನೋಡಿದರೆ ಕಲರ್ ದೊಡ್ಡದು ಅಂತ ಇದೆ.”

ಕೈಯಲ್ಲಿದ್ದ ಜಾರಿ ಹಾಗೇ ನಿಂತಿತು. ಆ ಪ್ರಶ್ನೆಗೆ ಉತ್ತರ ನನಗೆ ಸುಮಾರು ಐವತ್ತು ವರ್ಷಗಳಿಂದ ಗೊತ್ತು. ನಮ್ಮ ಮನೆಯಲ್ಲಿ ಅದನ್ನು ಪುಕ್ಕಟೆಯಾಗಿ ಕಲಿತವರು ಯಾರೂ ಇಲ್ಲ. ಆ ಉತ್ತರದ ಬೆಲೆ ನನ್ನ ಅವ್ವನ ಎರಡು ಬಂಗಾರದ ಪಾಟ್ಲಿ.

ಇಸ್ಪೀಟನ್ನು ಕೈಯಿಂದಲೂ ಮುಟ್ಟದ ಓದುಗರು ಇರುತ್ತೀರಿ. ಅವರಿಗಾಗಿ ಎರಡು ಮಾತು. ಕಟ್ಟಿನಲ್ಲಿ 52 ಎಲೆ. ಇಸ್ಪೀಟು, ಆಟೀನು, ಡೈಮನ್, ಕಳಾವರ್ ಎಂದು ನಾಲ್ಕು ಗುಂಪು, ಒಂದೊಂದರಲ್ಲಿ ಎಕ್ಕದಿಂದ ರಾಜನವರೆಗೆ 13 ಎಲೆ. ಮೂರೆಲೆಯ ಆಟದಲ್ಲಿ ಒಬ್ಬೊಬ್ಬರಿಗೆ ಮೂರು ಎಲೆ ಹಂಚುತ್ತಾರೆ. ಮೂರೂ ಒಂದೇ ಅಂಕಿಯವಾದರೆ, ಅಂದರೆ ಮೂರು ರಾಣಿಯೋ ಮೂರು ಏಳೋ ಬಂದರೆ, ಅದು ಎಲ್ಲಕ್ಕಿಂತ ದೊಡ್ಡದು. ಅದರ ಕೆಳಗೆ ಒಂದೇ ಗುಂಪಿನ ಸಾಲು, ಅಂದರೆ ಆಟೀನಿನ ನಾಲ್ಕು, ಐದು, ಆರು ಹೀಗೆ. ಅದರ ಕೆಳಗೆ ಬೇರೆ ಬೇರೆ ಗುಂಪಿನ ಸಾಲು, ಇದೇ ಸೀಕ್ವೆನ್ಸ್. ಅದರ ಕೆಳಗೆ ಕಲರ್: ಸಾಲಿಲ್ಲದಿದ್ದರೂ ಮೂರೂ ಒಂದೇ ಗುಂಪಿನವು. ಆಮೇಲೆ ಜೋಡಿ. ಏನೂ ಇಲ್ಲದವರಿಗೆ ಅವರ ಕೈಯಲ್ಲಿರುವ ದೊಡ್ಡ ಎಲೆಯೇ ಗತಿ.

ನನ್ನ ಅಪ್ಪ ಸರ್ಕಾರಿ ಗುಮಾಸ್ತ. 1968ರಲ್ಲಿ ಗದಗಿನ ಹತ್ತಿರದ ಒಂದು ಪೇಟೆಗೆ ವರ್ಗವಾಗಿ ಬಂದೆವು. ನನಗಾಗ ಹತ್ತು ವರ್ಷ. ಅಪ್ಪ ಜೂಜುಗಾರನೇನೂ ಅಲ್ಲ. ಓದುವ ಹುಚ್ಚಿನ ಮನುಷ್ಯ. ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡ ಇಂಗ್ಲಿಷಿನ ಒಂದು ಆಟಗಳ ಪುಸ್ತಕ ಅವನ ಬಳಿ ಇತ್ತು. ಅದರಲ್ಲಿ ಪೋಕರ್ ಎಂಬ ಅಮೆರಿಕದ ಆಟದ ನಿಯಮಗಳನ್ನು ಓದಿ ಬಾಯಿಪಾಠ ಮಾಡಿಕೊಂಡಿದ್ದ. ಆಡಿದ್ದು ಮಾತ್ರ ಇಲ್ಲವೇ ಇಲ್ಲ.

ಹೊಸ ಊರಿನ ಮೊದಲ ದೀಪಾವಳಿ. ಹಿರಿಯರೊಬ್ಬರ ಮನೆಯ ಅಟ್ಟದ ಮೇಲೆ ಆಟ ಕೂಡುತ್ತಿತ್ತು, ಅಪ್ಪನನ್ನೂ ಕರೆದರು. ಹೊಸಬನಾದ ಗುಮಾಸ್ತ ಒಲ್ಲೆ ಅನ್ನಲಾರದೆ ಹೋದ. ನಡುರಾತ್ರಿಯ ಹೊತ್ತಿಗೆ ಅವನ ಕೈಗೆ ಇಸ್ಪೀಟಿನ ಎಕ್ಕ, ರಾಜ, ಒಂಬತ್ತು ಬಂದವು. ಕಲರ್, ಅದೂ ಎಕ್ಕದ ಕಲರ್. ಅವನ ಪುಸ್ತಕದ ಪ್ರಕಾರ ಸಾಲು ಅದರ ಕೆಳಗೆ. ಇದನ್ನು ಮೀರಿಸುವ ಎಲೆ ಎದುರಿಗೆ ಇರಲಾರದೆಂದು ಪಣ ಏರಿಸುತ್ತ ಹೋದ. ಜೇಬು ಖಾಲಿಯಾದ ಮೇಲೆ ಅಲ್ಲೇ ಸಾಲ ಮಾಡಿ ಏರಿಸಿದ. ಎಲೆ ತೆರೆದಾಗ ಎದುರಿನವನ ಕೈಯಲ್ಲಿದ್ದದ್ದು ನಾಲ್ಕು, ಐದು, ಆರು. ಮೂರೂ ಬೇರೆ ಬೇರೆ ಗುಂಪಿನವು. ಅಪ್ಪ ನಗುತ್ತ ದುಡ್ಡಿಗೆ ಕೈ ಚಾಚಿದನಂತೆ. ಎದುರಿನವನೂ ನಗುತ್ತಲೇ ಚಾಚಿದನಂತೆ.

“ಪುಸ್ತಕದಾಗ ಕಲರ್ ದೊಡ್ಡದು ಅಂತ ಐತಿ” ಎಂದ ಅಪ್ಪ.

“ಪುಸ್ತಕ ಮನ್ಯಾಗ ಐತಿ ಗುಮಾಸ್ತರ, ನಾವು ಅಟ್ಟದ ಮ್ಯಾಲೆ ಅದೀವಿ” ಎಂದರು ಹಿರಿಯರು.

ಹೋದದ್ದು ನಾಲ್ಕು ನೂರು ರೂಪಾಯಿ. ಅಪ್ಪನ ಎರಡು ತಿಂಗಳ ಸಂಬಳ. ಮೂರನೇ ದಿನ ಅವ್ವನ ಪಾಟ್ಲಿ ಸರಾಫನ ಅಂಗಡಿಗೆ ಒತ್ತೆ ಹೋದವು. ಬಡ್ಡಿ ಬೆಳೆಯಿತು, ನನ್ನ ತಮ್ಮನಿಗೆ ವಿಷಮಶೀತ ಜ್ವರ ಬಂತು, ಪಾಟ್ಲಿ ತಿರುಗಿ ಬರಲಿಲ್ಲ. ಅವ್ವ ಅಳಲಿಲ್ಲ, ಕೂಗಾಡಲಿಲ್ಲ. ಒಂದೇ ಮಾತು ಕೇಳಿದಳು: “ಆಡಾಕ ಕೂಡೂ ಮೊದಲ ಇಲ್ಲಿ ಯಾವುದು ದೊಡ್ಡದು ಅಂತ ಒಂದು ಮಾತು ಕೇಳಿದ್ರ ಏನಾಗ್ತಿತ್ರೀ?”

ಅಪ್ಪ ಮತ್ತೆಂದೂ ಎಲೆ ಹಿಡಿಯಲಿಲ್ಲ. ಆದರೆ ಊಟದ ಹೊತ್ತಿಗೋ, ಪೇಪರು ಓದುವಾಗಲೋ ಇದ್ದಕ್ಕಿದ್ದಂತೆ “ಖರೇ ನ್ಯಾಯ ಅಂದ್ರ ಅವತ್ತು ನಾನ ಗೆದ್ದಿದ್ದೆ” ಎನ್ನುತ್ತಿದ್ದ. ಆ ಮಾತು ನಮ್ಮ ಮನೆಯಲ್ಲಿ ಎಂಟು ವರ್ಷ ಇತ್ತು. ಅವ್ವ ಬರಿ ಗಾಜಿನ ಬಳೆಯ ಕೈಯಿಂದ ಅವನಿಗೆ ಸಾರು ಬಡಿಸುತ್ತಿದ್ದಳು.

1976ರಲ್ಲಿ ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಕ್ರಮಯೋಜನೆ, ವಿಕಲ್ಪಗಳ ಪಾಠದಲ್ಲಿ ಮೇಷ್ಟ್ರು ಇಸ್ಪೀಟಿನ ಕಟ್ಟಿನ ಉದಾಹರಣೆ ತೆಗೆದರು. ಬೇರೆ ಹುಡುಗಿಯರು ಆಕಳಿಸುತ್ತಿದ್ದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆ ರಾತ್ರಿ ಹಾಸ್ಟೆಲ್ಲಿನಲ್ಲಿ ಕೂತು ಅಪ್ಪನ ನ್ಯಾಯವನ್ನು ಲೆಕ್ಕಕ್ಕೆ ಹಾಕಿದೆ. ಯಾವ ಕೈ ಅಪರೂಪವೋ ಅದು ದೊಡ್ಡದಾಗಬೇಕು, ಇಷ್ಟೇ ತತ್ವ. ಹಾಗಾದರೆ ಯಾವುದು ಅಪರೂಪ?

ನೀವೂ ನನ್ನ ಜೊತೆ ಮಾಡಿ ನೋಡಿ, ಹಾಲಿನವನ ಲೆಕ್ಕಕ್ಕಿಂತ ಕಷ್ಟವಿಲ್ಲ. 52 ಎಲೆಗಳಿಂದ ಮೂರನ್ನು 22,100 ಬಗೆಯಲ್ಲಿ ಆರಿಸಬಹುದು. ಎಕ್ಕವನ್ನು ಎರಡರ ಕೆಳಗೂ ರಾಜನ ಮೇಲೂ ಇಡಬಹುದಾದ್ದರಿಂದ ಸಾಲುಗಳು 12. ಪ್ರತಿ ಸಾಲಿನಲ್ಲೂ ಮೂರು ಎಲೆ, ಒಂದೊಂದಕ್ಕೂ ನಾಲ್ಕು ಗುಂಪು: ನಾಲ್ಕು ನಾಲ್ಕಲೆ ಹದಿನಾರು, ಹದಿನಾರು ನಾಲ್ಕಲೆ 64. ಹನ್ನೆರಡು ಸಾಲಿಗೆ 768. ಇದರಲ್ಲಿ ಒಂದೇ ಗುಂಪಿನ ಸಾಲುಗಳು 48, ಅವು ಮೇಲಿನ ದರ್ಜೆಗೆ ಹೋಗುತ್ತವೆ. ಉಳಿದದ್ದು 720.

ಇನ್ನು ಕಲರ್. ಒಂದು ಗುಂಪಿನ 13 ಎಲೆಗಳಿಂದ ಮೂರನ್ನು 286 ಬಗೆಯಲ್ಲಿ ಆರಿಸಬಹುದು. ನಾಲ್ಕು ಗುಂಪಿಗೆ 1,144. ಅದೇ 48 ಕಳೆದರೆ 1,096.

ಸಾಲು 720, ಕಲರ್ 1,096. ಸಾಲೇ ಅಪರೂಪ, ಸಾಲೇ ದೊಡ್ಡದು. ಅಟ್ಟದ ಮೇಲಿನವರು ಹೇಳಿದ್ದೇ ಸರಿ. ಎಂಟು ವರ್ಷ ನಾವು ಉಂಡ ಅನ್ಯಾಯ ಅನ್ಯಾಯವೇ ಆಗಿರಲಿಲ್ಲ.

ಹಾಗಾದರೆ ಅಪ್ಪನ ಪುಸ್ತಕ ಸುಳ್ಳೇ? ದೀಪ ಆರಿಸಲು ಮನಸ್ಸಾಗದೆ ಐದೆಲೆಯ ಲೆಕ್ಕವನ್ನೂ ಹಾಕಿದೆ. ಪೋಕರಿನಲ್ಲಿ ಐದು ಎಲೆ, ಒಟ್ಟು 25,98,960 ಕೈಗಳು. ಅಲ್ಲಿ ಸಾಲು 10,200 ಬಗೆ, ಕಲರ್ 5,108 ಬಗೆ. ಅಂದರೆ ಕಲರ್ ಅರ್ಧಕ್ಕರ್ಧ ಅಪರೂಪ! ಎಲೆ ಮೂರರಿಂದ ಐದಾದ ಕೂಡಲೇ ನ್ಯಾಯ ತಿರುಗಿ ನಿಂತಿತ್ತು. ಕಾರಣ ಸರಳ. ಮೂರೆಲೆಯಲ್ಲಿ ಮೊದಲ ಎಲೆಯ ಗುಂಪಿಗೆ ಇನ್ನೆರಡು ಹೊಂದಿದರೆ ಸಾಕು, ಐದೆಲೆಯಲ್ಲಿ ಇನ್ನು ನಾಲ್ಕು ಹೊಂದಬೇಕು. ಒಂದೇ ಥಾನಿನ ಬಣ್ಣಕ್ಕೆ ಹೊಂದುವ ಮೂರು ಬ್ಲೌಸ್ ಪೀಸು ಯಾವ ಅಂಗಡಿಯಲ್ಲೂ ಸಿಕ್ಕಾವು. ಐದು ಬೇಕೆಂದು ಹಟ ಹಿಡಿದರೆ ಪೇಟೆಯೆಲ್ಲ ಸುತ್ತಬೇಕು. ಸಾಲಿಗೂ ಕಷ್ಟ ಹೆಚ್ಚುತ್ತದೆ, ಆದರೆ ಅಷ್ಟು ಹೆಚ್ಚುವುದಿಲ್ಲ.

ರಜೆಗೆ ಊರಿಗೆ ಹೋದಾಗ ಎರಡು ಹಾಳೆ ಅಪ್ಪನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. “ಅಂದ್ರ ಅವರು ಹೇಳಿದ್ದು ಖರೆ” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಪುಸ್ತಕಾನೂ ಖರೆ” ಎಂದ.

ಅಡುಗೆಮನೆಯಿಂದ ಅವ್ವನ ದನಿ ಬಂತು: “ಎರಡೂ ಖರೆ ಅಂದ್ರ ನನ್ನ ಪಾಟ್ಲಿ ಹೋಗಿದ್ದು ಸುಳ್ಳೇನು?”

ಅಪ್ಪ ಹಾಳೆ ಮಡಿಸಿ ಪುಸ್ತಕದೊಳಗೆ ಇಟ್ಟ. ಅಂದಿನಿಂದ “ನಾನ ಗೆದ್ದಿದ್ದೆ” ಎಂಬ ಮಾತು ಮನೆಯಲ್ಲಿ ಕೇಳಲಿಲ್ಲ.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿ ನಿವೃತ್ತಳಾದೆ. ಬಿಡುವು ಸಿಕ್ಕ ಮೇಲೆ ಈ ದರ್ಜೆಗಳು ಎಲ್ಲಿಂದ ಬಂದವೆಂದು ಹುಡುಕಿ ಓದತೊಡಗಿದೆ. ಓದಿದಷ್ಟೂ ಅವ್ವನ ಪ್ರಶ್ನೆಯೇ ಎದುರಾಗುತ್ತಿತ್ತು.

ಪೋಕರ್ ಹುಟ್ಟಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್ ಸುತ್ತಮುತ್ತ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಆ ಸೀಮೆ ಫ್ರೆಂಚರಿಂದ ಅಮೆರಿಕದ ಕೈಗೆ ಬಂದದ್ದು 1803ರಲ್ಲಿ. ‘ಪೋಕ್’ ಎಂಬ ಫ್ರೆಂಚ್ ಆಟದಿಂದಲೇ ಹೆಸರು ಬಂದಿರಬೇಕೆಂದು ಬಲ್ಲವರು ಹೇಳುತ್ತಾರೆ. ಅಲ್ಲಿಂದ ಮಿಸಿಸಿಪ್ಪಿ ನದಿಯ ಉಗಿಹಡಗುಗಳನ್ನೇರಿ ಆಟ ಊರೂರಿಗೆ ಹೋಯಿತು. ಜೂಜು ಬಿಟ್ಟು ಅದರ ವಿರುದ್ಧವೇ ಬರೆಯತೊಡಗಿದ ಜೊನಾಥನ್ ಗ್ರೀನ್ ಎಂಬಾತ 1843ರ ತನ್ನ ಪುಸ್ತಕದಲ್ಲಿ ಈ ಹಡಗಿನ ಆಟವನ್ನು ವಿವರಿಸಿದ್ದಾನೆ.

ಆಗಿನ ಕಟ್ಟಿನಲ್ಲಿ ಇದ್ದದ್ದು 20 ಎಲೆ ಮಾತ್ರ: ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ನಾಲ್ವರಿಗೆ ಐದೈದು ಹಂಚಿದರೆ ಕಟ್ಟು ಮುಗಿಯಿತು. ಆ ಆಟದಲ್ಲಿ ಕಲರೂ ಇರಲಿಲ್ಲ, ಸಾಲೂ ಇರಲಿಲ್ಲ. ಒಂದು ಜೋಡಿ, ಎರಡು ಜೋಡಿ, ಒಂದೇ ಅಂಕಿಯ ಮೂರು, ಮೂರರ ಜೊತೆ ಒಂದು ಜೋಡಿ, ಒಂದೇ ಅಂಕಿಯ ನಾಲ್ಕು, ಇಷ್ಟೇ ದರ್ಜೆ. ಹೆಚ್ಚು ಜನ ಕೂಡತೊಡಗಿ, ಬೇಡದ ಎಲೆ ಕೊಟ್ಟು ಹೊಸದು ಪಡೆಯುವ ಪದ್ಧತಿಯೂ ಬಂದಾಗ 20 ಎಲೆ ಸಾಲದಾಯಿತು. ಪೂರ್ತಿ 52 ಎಲೆಯ ಕಟ್ಟು ಬಂತು. ಅದರ ಜೊತೆ ಮೊದಲು ಕಲರ್, ಆಮೇಲೆ ಸಾಲು ಒಳಗೆ ಬಂದವು.

ಸಾಲನ್ನು ಒಳಗೆ ಬಿಟ್ಟುಕೊಳ್ಳಲು ಮಾತ್ರ ಬಹಳ ದಿನ ಜಗ್ಗಾಟ ನಡೆಯಿತು. ಅದನ್ನು ಒಪ್ಪುವವರ ವಾದ ನನಗೆ ಹಿಡಿಸಿತು. ಸಾಲಿಲ್ಲದ ಹಳೆಯ ಆಟದಲ್ಲಿ ನಾಲ್ಕು ಎಕ್ಕ ಬಂದವನನ್ನು ಯಾರೂ ಸೋಲಿಸಲಾರರು. ನಾಲ್ಕು ರಾಜರ ಜೊತೆ ಒಂದು ಎಕ್ಕ ಬಂದರೂ ಅಷ್ಟೇ, ಏಕೆಂದರೆ ನಾಲ್ಕೂ ಎಕ್ಕ ಇನ್ನೊಬ್ಬರಿಗೆ ಹೋಗಲಾರವು. ತನಗೆ ಸೋಲೇ ಇಲ್ಲವೆಂದು ಗೊತ್ತಿದ್ದವನು ಎದುರಿನವನ ಪಣ ಏರಿಸುತ್ತ ಹೋದರೆ ಅದು ಆಟವಲ್ಲ, ಸುಲಿಗೆ. ಒಂದೇ ಗುಂಪಿನ ಐದೆಲೆಯ ಸಾಲನ್ನು ಎಲ್ಲಕ್ಕಿಂತ ಮೇಲಿಟ್ಟ ಮೇಲೆ ಆ ಖಾತ್ರಿ ಮುರಿಯಿತು. ಇದು 25,98,960 ಕೈಗಳಲ್ಲಿ ಬರೀ 40. ಇದರಲ್ಲೂ ಹತ್ತರಿಂದ ಎಕ್ಕದವರೆಗಿನ ಅತಿ ದೊಡ್ಡ ಸಾಲು ನಾಲ್ಕು ಗುಂಪಿನಲ್ಲೂ ಒಂದೊಂದು ಇರುವುದರಿಂದ, ಅದನ್ನು ಹಿಡಿದವನಿಗೂ ಸರಿಸಮದ ಅಳುಕು ತಪ್ಪಿದ್ದಲ್ಲ.

1860ರ ದಶಕದ ಅಮೆರಿಕದ ನಿಯಮ ಪುಸ್ತಕದಲ್ಲಿ ಒಂದು ಸೂಚನೆ ಇತ್ತು: ಸಾಲು ಕೆಲವು ಊರುಗಳಲ್ಲಿ ಮಾತ್ರ ನಡೆಯುತ್ತದೆ, ಆದ್ದರಿಂದ ಅದನ್ನು ಹಿಡಿಯಬೇಕೋ ಬೇಡವೋ ಎಂಬುದನ್ನು ಆಟ ಶುರುವಾಗುವ ಮೊದಲೇ ನಿರ್ಧರಿಸಿಕೊಳ್ಳಬೇಕು. ಅದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನ ಅವ್ವ ಕೇಳಿದ್ದೂ ಇದನ್ನೇ.

ಇನ್ನೂ ಹಿಂದಕ್ಕೆ ಹೋದರೆ ಇಟಲಿ. ಹದಿನಾರನೆಯ ಶತಮಾನದಲ್ಲಿ ಅಲ್ಲಿ ಪ್ರಿಮೆರೋ ಎಂಬ ಆಟ ಮನೆಮಾತಾಗಿತ್ತು. ಕಟ್ಟಿನಲ್ಲಿ 40 ಎಲೆ, ಒಬ್ಬರಿಗೆ ನಾಲ್ಕು. ನಾಲ್ಕೂ ಬೇರೆ ಬೇರೆ ಗುಂಪಿನವಾದರೆ ಒಂದು ದರ್ಜೆ. ನಾಲ್ಕೂ ಒಂದೇ ಗುಂಪಿನವಾದರೆ ಅದಕ್ಕಿಂತ ಮೇಲು. ನಾಲ್ಕೂ ಒಂದೇ ಅಂಕಿಯವಾದರೆ ಅದಕ್ಕೂ ಮೇಲು. ಎಣಿಸಿ ನೋಡಿದೆ: 10,000 ಬಗೆ, 840 ಬಗೆ, 10 ಬಗೆ. ಈ ಲೆಕ್ಕದ ಶಾಸ್ತ್ರ ಇನ್ನೂ ಬೆಳೆಯದ ಕಾಲದಲ್ಲಿ ಆಟಗಾರರು ಬರೀ ಕೈಯ ಅನುಭವದಿಂದ ಅಪರೂಪವನ್ನು ಗುರುತಿಸಿದ್ದರು. ನಮ್ಮ ಅಟ್ಟದ ಮೇಲಿನವರ ಹಾಗೆ.

ಆ ಲೆಕ್ಕಕ್ಕೆ ಮೊದಲು ಕೈ ಹಾಕಿದವನು ಜೆರೊಲಾಮೊ ಕಾರ್ಡಾನೊ. 1501ರಲ್ಲಿ ಹುಟ್ಟಿದ ವೈದ್ಯ, ಗಣಿತಜ್ಞ, ಜೊತೆಗೆ ಅಪ್ಪಟ ಜೂಜುಗಾರ. ದಾಳ ಎಷ್ಟು ಬಗೆಯಲ್ಲಿ ಬೀಳಬಹುದು, ಯಾವ ಪಣ ನ್ಯಾಯವಾದದ್ದು ಎಂದು ಎಣಿಸಿ ಪುಸ್ತಕ ಬರೆದ. ಅವನು 1576ರಲ್ಲಿ ತೀರಿಕೊಂಡ, ಪುಸ್ತಕ ಅಚ್ಚಾದದ್ದು 1663ರಲ್ಲಿ. ಅಷ್ಟರಲ್ಲಿ, 1654ರಲ್ಲಿ, ಪಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚರಿಬ್ಬರು ಅರ್ಧಕ್ಕೆ ನಿಂತ ಆಟದ ಪಣ ಹಂಚುವ ಬಗ್ಗೆ ಪತ್ರ ಬರೆದುಕೊಂಡು ಸಂಭವನೀಯತೆಯ ಶಾಸ್ತ್ರಕ್ಕೆ ತಳಪಾಯ ಹಾಕಿದ್ದರು. ನಾನು ಮೂವತ್ತು ವರ್ಷ ಹೊಟ್ಟೆ ಹೊರೆದ ಪಾಠದ ಒಂದು ತುಂಡು ಹೀಗೆ ಜೂಜಿನ ಮಣೆಯಿಂದ ಎದ್ದು ಬಂದದ್ದು.

ಕಾರ್ಡಾನೊ ಮುದಿತನದಲ್ಲಿ ಆತ್ಮಕಥೆಯನ್ನೂ ಬರೆದ. ಸುಮಾರು ಇಪ್ಪತ್ತೈದು ವರ್ಷ ದಾಳ ಆಡಿದ್ದನ್ನು, ಅದೂ ದಿನದಿನವೂ ಆಡಿದ್ದನ್ನು ನಾಚಿಕೆಯಿಂದ ಒಪ್ಪಿಕೊಂಡಿದ್ದಾನೆ. ಜೂಜಿಗಾಗಿ ಅವನು ಹೆಂಡತಿಯ ಒಡವೆಗಳನ್ನು ಒತ್ತೆ ಇಟ್ಟಿದ್ದ. ಅವಳ ಹೆಸರು ಲೂಸಿಯಾ. ಮದುವೆಯಾದದ್ದು 1531ರಲ್ಲಿ, ತೀರಿಕೊಂಡದ್ದು 1546ರಲ್ಲಿ. ಗಣಿತದ ಚರಿತ್ರೆಯಲ್ಲಿ ಅವಳ ಬಗ್ಗೆ ಇದಕ್ಕಿಂತ ಹೆಚ್ಚು ಓದಲು ಸಿಗುವುದು ಕಡಿಮೆ. “ಆಟಕ್ಕುಂಟು, ಲೆಕ್ಕಕ್ಕಿಲ್ಲ” ಎಂದು ಚಿಕ್ಕ ಮಕ್ಕಳಿಗೆ ಹೇಳುತ್ತೇವಲ್ಲ, ಲೂಸಿಯಾ ಮತ್ತು ನನ್ನ ಅವ್ವ ಆಟಕ್ಕೂ ಇರಲಿಲ್ಲ. ಲೆಕ್ಕ ತೀರಿಸುವಾಗ ಮಾತ್ರ ಅವರ ಪೆಟ್ಟಿಗೆ ತೆರೆಯಿತು.

ನಮ್ಮ ಮೂರೆಲೆ ಆಟ ಇಂಗ್ಲೆಂಡಿನ ‘ಬ್ರ್ಯಾಗ್’ ಎಂಬ ಆಟದ ಸಂತಾನವೆಂದು ಹೇಳುತ್ತಾರೆ. ಎರಡರ ದರ್ಜೆಗಳೂ ಒಂದೇ. ಅದರಲ್ಲಿ ಒಂದು ತಮಾಷೆ ಇದೆ. ಒಂದೇ ಅಂಕಿಯ ಮೂರು ಎಲೆ 52 ಬಗೆಯಲ್ಲಿ ಬರುತ್ತವೆ, ಒಂದೇ ಗುಂಪಿನ ಸಾಲು 48 ಬಗೆಯಲ್ಲಿ. ಲೆಕ್ಕದಂತೆ ಸಾಲು ಮೇಲಿರಬೇಕು. ಆದರೆ ಮೂರು ಎಕ್ಕ, ಮೂರು ರಾಜರ ಠೀವಿ ಮುಂದೆ ನಾಲ್ಕು ಬಗೆಯ ಅಂತರವನ್ನು ಯಾರೂ ಗಣಿಸಲಿಲ್ಲ. 1994ರಲ್ಲಿ ಇಂಗ್ಲೆಂಡಿನ ಡೆರೆಕ್ ವೆಬ್ ಮೂರೆಲೆಯ ಪೋಕರನ್ನು ರೂಪಿಸಿದಾಗ ಮಾತ್ರ ಒಂದೇ ಗುಂಪಿನ ಸಾಲನ್ನು ಎಲ್ಲಕ್ಕಿಂತ ಮೇಲಿಟ್ಟ. ಅಂದರೆ ದರ್ಜೆ ಪೂರ್ತಿ ಲೆಕ್ಕವೂ ಅಲ್ಲ, ಪೂರ್ತಿ ರೂಢಿಯೂ ಅಲ್ಲ. ಕೂತವರೆಲ್ಲ ಮೊದಲೇ ಒಪ್ಪಿಕೊಂಡ ಮಾತು ಅದು.

ಲೆಕ್ಕ ಬಂದರೆ ಗೆಲ್ಲಬಹುದಲ್ಲವೇ ಎಂದು ನನ್ನ ಶಿಷ್ಯೆಯರು ಕೇಳುತ್ತಿದ್ದರು. 22,100 ಕೈಗಳಲ್ಲಿ 16,440ರಲ್ಲಿ ಜೋಡಿ ಕೂಡ ಇರುವುದಿಲ್ಲ, ಅಂದರೆ ನಾಲ್ಕು ಸಲದಲ್ಲಿ ಸುಮಾರು ಮೂರು ಸಲ ಬರಿಗೈ. ಲೆಕ್ಕ ಇಷ್ಟನ್ನು ಹೇಳುತ್ತದೆ, ಮುಂದಿನ ಎಲೆ ಯಾವುದೆಂದು ಹೇಳುವುದಿಲ್ಲ. 1960ರ ದಶಕದ ಕೊನೆಯಲ್ಲಿ ಆಂಧ್ರದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಬಹುಮಟ್ಟಿಗೆ ಜಾಣ್ಮೆಯ ಆಟವೆಂದಿತು, ಮೂರೆಲೆಯನ್ನು ಬರೀ ಅದೃಷ್ಟದ ಆಟವೆಂದಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2025ರ ಆಗಸ್ಟಿನಲ್ಲಿ. ಅಟ್ಟ ಹತ್ತಬೇಕಾದ ಕಾಲ ಹೋಗಿ ಆಟ ಅಂಗೈಗೇ ಬಂದಿತ್ತು. ಎಷ್ಟು ಮನೆಗಳ ಪಾಟ್ಲಿ ಬಿಲ್ವಾರಗಳು ಅದರ ಹಿಂದೆ ಹೋಗಿವೆಯೋ, ಆಯಾ ಮನೆಯ ಹೆಂಗಸರಿಗೆ ಗೊತ್ತು.

ಕೆಲಸಕ್ಕೆ ಸೇರಿದ ಕೆಲವು ವರ್ಷಗಳ ಮೇಲೆ ಉಳಿತಾಯದ ಹಣದಲ್ಲಿ ಅವ್ವನಿಗೆ ಎರಡು ಪಾಟ್ಲಿ ಮಾಡಿಸಿದ್ದೆ. ಮೊದಲಿನವುಗಳಷ್ಟು ತೂಕದವಲ್ಲ. ಒಂದು ದಿನ ಹಾಕಿಕೊಂಡು, ದೇವರಿಗೆ ಕೈ ಮುಗಿದು, ತೆಗೆದು ನನ್ನ ಕೈಗೇ ಇಟ್ಟಳು. “ನಿನ್ನ ಗಳಿಕಿ, ನಿನ್ನ ಕೈಯಾಗ ಇರ್ಲಿ.”

ಆ ಪಾಟ್ಲಿಯ ಕೈಯಿಂದಲೇ ಎಣ್ಣೆಯ ಉರಿ ತಗ್ಗಿಸಿ ಪಡಸಾಲೆಗೆ ಹೋದೆ. ಕ್ಯಾಲೆಂಡರಿನ ಹಿಂಬದಿಗೆ 720 ಎಂದೂ 1,096 ಎಂದೂ ಬರೆದೆ, ಪಕ್ಕದಲ್ಲಿ 10,200 ಎಂದೂ 5,108 ಎಂದೂ ಬರೆದೆ. “ಮಾಮ ಹೇಳಿದ್ದು ಮೂರೆಲೆಯ ಮಾತು, ನಿನ್ನ ಮೊಬೈಲ್ ಹೇಳಿದ್ದು ಐದೆಲೆಯ ಮಾತು. ಎರಡೂ ಸರಿ” ಎಂದೆ.

“ಹಾಗಾದ್ರೆ ಈ ಪುಟಾಣಿ ಯಾರದು?” ಎಂದು ಮೊಮ್ಮಗ ರಾಶಿಯ ಮೇಲೆ ಕೈ ಇಟ್ಟುಕೊಂಡೇ ಕೇಳಿದ.

“ಕೂತ್ಕೊಳ್ಳೋ ಮೊದಲು ಯಾವ ಮಾತಾಗಿತ್ತು?”

ಯಾರೂ ಮಾತಾಡಿಕೊಂಡಿರಲಿಲ್ಲ. ರಾಶಿಯನ್ನು ಸಮನಾಗಿ ಹಂಚಿಸಿ, ಈ ಸಲ ಕೇಳಿಕೊಂಡು ಶುರು ಮಾಡಿ ಎಂದು ಹೇಳಿ, ಕರ್ಚಿಕಾಯಿ ಕರಿಯಲು ಒಳಗೆ ಬಂದೆ.